ಮನೆ ಸಂಖ್ಯೆಯೇ ಕೀ ಆದಾಗ: ಅಪಾರ್ಟ್‌ಮೆಂಟ್ ಬಿಲ್ ತಂತ್ರಾಂಶವೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ದಕ್ಷಿಣ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ನಿವಾಸಿಗಳ ಸಂಘಕ್ಕಾಗಿ ಪ್ರತಿ ತಿಂಗಳ ನಿರ್ವಹಣಾ ಬಿಲ್ ಸಿದ್ಧಪಡಿಸಿ ಇ-ಮೇಲ್‌ನಲ್ಲಿ ಕಳುಹಿಸುತ್ತಿದ್ದ ಪುಟ್ಟ ವೆಬ್ ತಂತ್ರಾಂಶದಲ್ಲಿ ನಡೆದ ಘಟನೆಯನ್ನು ಇಲ್ಲಿ ದಾಖಲಿಸಿದ್ದೇನೆ. ಸಂಘದ, ತಂತ್ರಾಂಶ ಬರೆದ ಸಂಸ್ಥೆಯ ಮತ್ತು ನಿವಾಸಿಗಳ ಗುರುತು ಸಿಗದಂತೆ ಮಹಡಿ ಹಾಗೂ ಮನೆಗಳ ವಿವರಗಳನ್ನು ಬದಲಿಸಿದ್ದೇನೆ. ಮನೆ ಸಂಖ್ಯೆಗಳನ್ನು ಬರೆಯುವ ರೀತಿಯನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ. ಬಿಲ್‌ಗಳು ತಪ್ಪು ಮನೆಗಳಿಗೆ ಹೋದ ನಂತರದ ಪರಿಶೀಲನೆಯಲ್ಲಿ ನಾನು ಸಂಸ್ಥೆಯ ತಂಡದ ಜೊತೆಗಿದ್ದೆ. ಅದಕ್ಕೂ ಹಿಂದಿನದನ್ನು ತಂಡದವರ ಟಿಪ್ಪಣಿಗಳಿಂದ ಮತ್ತು ಕೋಡ್‌ನ ಹಳೆಯ ಆವೃತ್ತಿಗಳಿಂದ ಜೋಡಿಸಿದ್ದೇನೆ.

ಕಟ್ಟಡ ಒಂದೇ ಗೋಪುರದ್ದು. ನೆಲಮಹಡಿಯ ಮೇಲೆ ಒಂಬತ್ತು ಮಹಡಿಗಳು, ಮಹಡಿಗೆ ಎಂಟು ಮನೆಗಳು, ಒಟ್ಟು 80. ನೆಲಮಹಡಿಯ ಮನೆಗಳಿಗೆ 001ರಿಂದ 008, ಮೊದಲ ಮಹಡಿಗೆ 101ರಿಂದ 108, ಹೀಗೆ ಮೇಲೇರುತ್ತ 908ರವರೆಗೆ ಸಂಖ್ಯೆಗಳಿವೆ. ಚದರ ಅಡಿ ಲೆಕ್ಕದ ಶುಲ್ಕ, ಕಾವೇರಿ ಮತ್ತು ಟ್ಯಾಂಕರ್ ನೀರಿನ ಪಾಲು, ಜನರೇಟರ್ ಡೀಸೆಲ್, ಸಿಂಕಿಂಗ್ ಫಂಡ್, ಹಿಂದಿನ ಬಾಕಿ ಇವುಗಳನ್ನೆಲ್ಲ ಸಂಘದ ಖಜಾಂಚಿಗಳು ಎಕ್ಸೆಲ್ ಹಾಳೆಯಲ್ಲಿ ತುಂಬಿ ಅಪ್‌ಲೋಡ್ ಮಾಡುತ್ತಿದ್ದರು. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ 7.4 ಆವೃತ್ತಿಯಲ್ಲಿ ಬರೆದ ತಂತ್ರಾಂಶವು ಆ ಸಾಲುಗಳನ್ನು ಡೇಟಾಬೇಸ್‌ಗೆ ಸೇರಿಸಿ, ಮಾಲೀಕರ ವಿವರಗಳೊಂದಿಗೆ ಕೂಡಿಸಿ ಓದಿ, ಮನೆ ಸಂಖ್ಯೆಯನ್ನೇ ಕೀ ಆಗಿಸಿಕೊಂಡು ಒಂದು ಅಸೋಸಿಯೇಟಿವ್ ಅರೇ, ಅಂದರೆ ಕೀ ಎಂಬ ಗುರುತು ಕೊಟ್ಟರೆ ಅದಕ್ಕೆ ಜೋಡಿಸಿದ ಮಾಹಿತಿ (ವ್ಯಾಲ್ಯೂ) ಸಿಗುವ ಪಟ್ಟಿ, ಕಟ್ಟುತ್ತಿತ್ತು. ಪ್ರತಿಯೊಂದು ಕೀಗೂ ವ್ಯಾಲ್ಯೂ ಆಗಿ ಆ ಮನೆಯ ಬಿಲ್‌ನ ಇನ್ನೊಂದು ಅರೇ ಇರುತ್ತಿತ್ತು. ಮಾಲೀಕರು ಮತ್ತು ಬಾಡಿಗೆದಾರರು ಇಬ್ಬರಿಗೂ ಪ್ರತಿ ಹೋಗಬೇಕಾಗಿದ್ದರಿಂದ ಇ-ಮೇಲ್ ವಿಳಾಸಗಳನ್ನು ಪ್ರತ್ಯೇಕ ಅರೇಯಲ್ಲಿ ಇಟ್ಟಿದ್ದರು. ಅದಕ್ಕೂ ಮನೆ ಸಂಖ್ಯೆಯೇ ಕೀ. ಈ ವಿನ್ಯಾಸದಲ್ಲಿ ತಪ್ಪೇನೂ ಇಲ್ಲ. ಮನೆ ಸಂಖ್ಯೆ ಕೊಟ್ಟರೆ ಬಿಲ್ ಸಿಗಬೇಕು, ಅದೇ ಸಂಖ್ಯೆಗೆ ವಿಳಾಸವೂ ಸಿಗಬೇಕು ಎನ್ನುವುದು ಸಹಜವಾದ ಅಪೇಕ್ಷೆ.

ಸಮಸ್ಯೆಯ ಮೊದಲ ರೂಪ

ಹಲವರು ಒಂದೇ ಸರ್ವರನ್ನು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಗಂಟೆಗೆ ಇಷ್ಟೇ ಮೇಲ್ ಎಂಬ ಮಿತಿ ಇದ್ದುದರಿಂದ 80 ಬಿಲ್‌ಗಳನ್ನು ಇಪ್ಪತ್ತರಂತೆ ನಾಲ್ಕು ಕಂತುಗಳಲ್ಲಿ ಕಳುಹಿಸಲು ತಂಡ ನಿರ್ಧರಿಸಿತು. ದೊಡ್ಡ ಅರೇಯಿಂದ ಒಂದೊಂದು ತುಂಡನ್ನು ತೆಗೆಯಲು ಅರೇ_ಸ್ಲೈಸ್ ಎಂಬ ಫಂಕ್ಷನ್ (ಭಾಷೆಯಲ್ಲೇ ಇರುವ ಸಿದ್ಧ ಆಜ್ಞೆ) ಬಳಸಿದರು. ಕಂತಿನ ಪ್ರತಿಯೊಂದು ಕೀಯನ್ನು ಹಿಡಿದು ವಿಳಾಸಗಳ ಅರೇಯಲ್ಲಿ ಹುಡುಕಿ ಬಿಲ್ ಕಳುಹಿಸುವುದು, ವಿಳಾಸ ಖಾಲಿಯಿದ್ದರೆ ಆ ಮನೆಯನ್ನು ಬಿಟ್ಟು ಮುಂದಕ್ಕೆ ಹೋಗುವುದು ಅಲ್ಲಿದ್ದ ಲೂಪ್‌ನ (ಪ್ರತಿ ಮನೆಗೂ ಮರುಕಳಿಸುವ ಕೋಡ್‌ನ) ಕೆಲಸ. ಕೆಲವು ಹಿರಿಯ ನಿವಾಸಿಗಳಿಗೆ ಇ-ಮೇಲ್ ಇರಲಿಲ್ಲವಾದ್ದರಿಂದ ಆ ಕೊನೆಯ ಏರ್ಪಾಡು ಅಗತ್ಯವಾಗಿಯೇ ಇತ್ತು. ಪಟ್ಟಿಯ ಮೊದಲ ಐದು ಸಾಲುಗಳನ್ನು ತಮ್ಮದೇ ವಿಳಾಸಕ್ಕೆ ಕಳುಹಿಸಿ ಪರೀಕ್ಷಿಸಿದಾಗ ಐದೂ ಸರಿಯಾಗಿ ಬಂದವು.

ಮೊದಲ ತಿಂಗಳ ಬಿಲ್ ಹೋದ ದಿನ ಸಂಜೆಯೇ ಖಜಾಂಚಿಗಳು ಫೋನ್ ಮಾಡಿದರು. ಅವರ ಮಾತು ಟಿಪ್ಪಣಿಯಲ್ಲಿ ಹೀಗಿದೆ: "ನೋಡಿ ಮೇಡಂ, ಕೆಳಗಿನ ಎಂಟು ಮನೆಯವರಿಗೆ ಮಾತ್ರ ಬಿಲ್ ಬಂದಿದೆ. ಮೇಲಿನವರು ಯಾರಿಗೂ ಬಂದಿಲ್ಲ."

ಇದೊಂದು ಅಮೂಲ್ಯ ಸುಳಿವು. ಆದರೆ ಅದನ್ನು ತಂಡ ಓದಿಕೊಂಡ ಬಗೆ ಬೇರೆ. ನೆಲಮಹಡಿಯ ಎಂಟು ಮನೆಗಳೇ ಪಟ್ಟಿಯ ಮೊದಲ ಎಂಟು ಸಾಲುಗಳೂ ಆಗಿದ್ದವು. ಹಾಗಾಗಿ "ಎಂಟು ಮೇಲ್ ಆದ ಮೇಲೆ ಸರ್ವರ್ ತಡೆಯುತ್ತಿದೆ" ಎಂಬ ತೀರ್ಮಾನ ಬಹಳ ಸಹಜವಾಗಿ ಹುಟ್ಟಿತು. ಕಂತಿನ ಗಾತ್ರವನ್ನು ಇಳಿಸಿದರು, ಕಂತುಗಳ ನಡುವಿನ ಅಂತರವನ್ನು ಹೆಚ್ಚಿಸಿದರು, ಹೋಸ್ಟಿಂಗ್ ಕಂಪನಿಗೆ ದೂರು ಬರೆದರು. ಪ್ರತಿ ಬಾರಿಯೂ ಅದೇ ಎಂಟು ಮನೆಗಳಿಗೆ ಬಿಲ್ ಹೋಯಿತು.

ನಿಜವಾಗಿ ನಡೆದದ್ದು ಇಷ್ಟು. ಪಿಎಚ್‌ಪಿ ಅರೇಯಲ್ಲಿ ಕೀ ಪೂರ್ಣಾಂಕವಾಗಿರಬೇಕು ಇಲ್ಲವೇ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಆಗಿರಬೇಕು. "101" ಎಂಬ ಸ್ಟ್ರಿಂಗನ್ನು ಕೀ ಆಗಿ ಕೊಟ್ಟರೆ, ಅದು ದಶಮಾನದಲ್ಲಿ ಸರಿಯಾಗಿ ಬರೆದ ಪೂರ್ಣಾಂಕದಂತೆಯೇ ಕಾಣುವುದರಿಂದ, ಭಾಷೆ ಅದನ್ನು 101 ಎಂಬ ಪೂರ್ಣಾಂಕಕ್ಕೆ ತಾನಾಗಿಯೇ ಬದಲಿಸುತ್ತದೆ. "001" ಹಾಗಲ್ಲ, ಆರಂಭದಲ್ಲಿರುವ ಸೊನ್ನೆಗಳ ಕಾರಣ ಅದು ಸ್ಟ್ರಿಂಗ್ ಆಗಿಯೇ ಉಳಿಯುತ್ತದೆ. ಡೇಟಾಬೇಸ್‌ನ ಕಾಲಂ ಅಕ್ಷರಗಳ ಮಾದರಿಯದ್ದಾಗಿದ್ದರೂ ಅರೇಗೆ ಸೇರುವ ಕ್ಷಣದಲ್ಲಿ ಈ ಬದಲಾವಣೆ ಆಗಿಯೇ ಆಗುತ್ತದೆ. ಹೀಗಾಗಿ ಒಂದೇ ಅರೇಯಲ್ಲಿ ಎಂಟು ಸ್ಟ್ರಿಂಗ್ ಕೀಗಳೂ 72 ಪೂರ್ಣಾಂಕ ಕೀಗಳೂ ಇದ್ದವು. ಅರೇ_ಸ್ಲೈಸ್ ಸ್ಟ್ರಿಂಗ್ ಕೀಗಳನ್ನು ಎಂದಿಗೂ ಮುಟ್ಟುವುದಿಲ್ಲ. ಪೂರ್ಣಾಂಕ ಕೀಗಳನ್ನು ಮಾತ್ರ, ನಾಲ್ಕನೆಯ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಸೂಚನೆ) ಆಗಿ 'ಟ್ರೂ' ಕೊಡದಿದ್ದರೆ, 0ರಿಂದ ಹೊಸದಾಗಿ ಎಣಿಸುತ್ತದೆ. ಮೊದಲ ಕಂತಿನಲ್ಲಿ 001ರಿಂದ 008 ಹಾಗೆಯೇ ಉಳಿದು, 101 ಎಂಬುದು 0 ಆಯಿತು, 102 ಎಂಬುದು 1 ಆಯಿತು. ವಿಳಾಸಗಳ ಅರೇಯಲ್ಲಿ 0 ಎಂಬ ಮನೆ ಇರಲಿಲ್ಲ. ವಿಳಾಸ ಖಾಲಿ ಎಂದುಕೊಂಡ ಲೂಪ್ ಸದ್ದಿಲ್ಲದೆ ಮುಂದೆ ಸಾಗಿತು. ಪರೀಕ್ಷೆಗೆ ತೆಗೆದುಕೊಂಡ ಐದೂ ಸಾಲುಗಳು ನೆಲಮಹಡಿಯವು ಎಂಬುದನ್ನು ಇಲ್ಲಿ ಗಮನಿಸಬೇಕು.

ಇಲ್ಲದ ಕೀ ಕೇಳಿದಾಗ ಪಿಎಚ್‌ಪಿ 7 ನೋಟಿಸ್ ಎಂಬ ಸಣ್ಣ ಎಚ್ಚರಿಕೆಯೊಂದನ್ನು ಕೊಡುತ್ತದೆ. ಆದರೆ ಆ ಸರ್ವರ್‌ನಲ್ಲಿ ನೋಟಿಸ್‌ಗಳನ್ನು ಲಾಗ್‌ಗೆ ಬರೆಯದಂತೆ ಸೆಟ್ ಮಾಡಲಾಗಿತ್ತು. ನೋಟಿಸ್‌ಗಳನ್ನು ಮುಚ್ಚಿಡುವ ಈ ರೂಢಿ ನಮ್ಮಲ್ಲಿ ಬಹಳ ಕಡೆ ಇದೆ, ಮತ್ತು ಅದಕ್ಕೆ ತೆರುವ ಬೆಲೆ ಎಷ್ಟೆಂಬುದನ್ನು ನಾನು ಈ ಪ್ರಕರಣದಲ್ಲಿ ನೋಡಿದೆ. ಲಾಗ್‌ನಲ್ಲಿ 0, 1, 2 ಎಂಬ ಇಲ್ಲದ ಕೀಗಳ ಸಾಲು ಒಮ್ಮೆ ಕಂಡಿದ್ದರೆ ಹೋಸ್ಟಿಂಗ್ ಕಂಪನಿಗೆ ಒಂದು ಪತ್ರವನ್ನೂ ಬರೆಯಬೇಕಿರಲಿಲ್ಲ.

ತಾತ್ಕಾಲಿಕ ಪರಿಹಾರ

ಕೊನೆಗೆ ತಂಡದ ಒಬ್ಬ ಯುವ ಪ್ರೋಗ್ರಾಮರ್ ಲೂಪ್‌ನೊಳಗಿನ ಕೀಗಳನ್ನು ಪರದೆಗೆ ಮುದ್ರಿಸಿ ನೋಡಿದರು. ಬಿಲ್‌ಗಳ ಕಂತಿನಲ್ಲಿ 0, 1, 2 ಎಂದಿದೆ, ವಿಳಾಸಗಳಲ್ಲಿ 101, 102, 103 ಎಂದಿದೆ. ಎರಡನ್ನೂ ಹೊಂದಿಸಬೇಕೆಂದು ವಿಳಾಸಗಳ ಅರೇಯನ್ನೂ ಅದೇ ಅಳತೆಯಲ್ಲಿ ಸ್ಲೈಸ್ ಮಾಡಿದರು. ಈಗ ಎರಡೂ ಕಡೆ 001ರಿಂದ 008, ಆಮೇಲೆ 0, 1, 2. ಬಿಲ್‌ಗಳೆಲ್ಲ ಸರಿಯಾಗಿ ತಲುಪಿದವು, ಕೆಲಸ ಮುಗಿಯಿತೆಂದು ಎಲ್ಲರೂ ಭಾವಿಸಿದರು, ಕಂತಿನ ಗಾತ್ರವೂ ಮತ್ತೆ ಇಪ್ಪತ್ತಕ್ಕೆ ಮರಳಿತು.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಮುಖ್ಯ ತಿರುವು ಇದೇ. ಅಲ್ಲಿಯವರೆಗೆ ತಂತ್ರಾಂಶ ಬಿಲ್ ಕಳುಹಿಸದೆ ಬಿಡುತ್ತಿತ್ತು; ತಪ್ಪು ಮನೆಗೆ ಕಳುಹಿಸುತ್ತಿರಲಿಲ್ಲ. ಈ ತಿದ್ದುಪಡಿಯ ನಂತರ ಮನೆ ಸಂಖ್ಯೆಯ ನಂಟು ಕಡಿದುಹೋಗಿ, ಎರಡು ಪಟ್ಟಿಗಳಲ್ಲಿ ಎಷ್ಟನೆಯ ಸ್ಥಾನ ಎಂಬುದಷ್ಟೇ ಆಧಾರವಾಗಿ ಉಳಿಯಿತು. ಬಾಗಿಲ ಮೇಲಿನ ಸಂಖ್ಯೆಯನ್ನು ನೋಡದೆ ಬೀದಿಯ ತುದಿಯಿಂದ ಮನೆ ಎಣಿಸಿಕೊಂಡು ಅಂಚೆ ಹಾಕಿದಂತೆ. ಎರಡೂ ಪಟ್ಟಿಗಳು ಒಂದೇ ಕ್ರಮದಲ್ಲಿ ಇರುವವರೆಗೆ ಎಲ್ಲವೂ ಸರಿ. ಬಿಲ್‌ಗಳು ಮನೆ ಸಂಖ್ಯೆಯ ಕ್ರಮದಲ್ಲಿ ಬರುತ್ತಿದ್ದವು. ವಿಳಾಸಗಳು ನೋಂದಣಿಯಾದ ಕ್ರಮದಲ್ಲಿ ಬರುತ್ತಿದ್ದವು. ಆರಂಭದಲ್ಲಿ ನೋಂದಣಿಯನ್ನು ಮಹಡಿ ಮಹಡಿಯಾಗಿ ಮಾಡಿದ್ದರಿಂದ ಎರಡೂ ಕ್ರಮಗಳು ಆಕಸ್ಮಿಕವಾಗಿ ಒಂದೇ ಆಗಿದ್ದವು.

ಕೆಲವು ತಿಂಗಳ ನಂತರ 305ರ ಮನೆ ಮಾರಾಟವಾಯಿತು. ಹಳೆಯ ಮಾಲೀಕರ ಸಾಲನ್ನು ಅಳಿಸಿ ಹೊಸಬರ ಸಾಲನ್ನು ಸೇರಿಸಿದರು; ಅದು ಪಟ್ಟಿಯ ಕೊನೆಗೆ ಹೋಯಿತು. ಆ ತಿಂಗಳು 305ರ ಬಿಲ್ 306ಕ್ಕೆ ಹೋಯಿತು, 306ರದು 307ಕ್ಕೆ, 308ರದು 401ಕ್ಕೆ. ಹೀಗೆ ಒಂದೊಂದೇ ಮನೆ ಜಾರುತ್ತ, 908ರ ಬಿಲ್ 305ರ ಹೊಸ ಮಾಲೀಕರಿಗೆ ತಲುಪಿತು. ಒಟ್ಟು 52 ಮನೆಗಳ ಬಿಲ್ ಬೇರೆಯವರ ಕೈ ಸೇರಿತು.

ಹಾನಿ ಬಿಲ್‌ನ ಮೊತ್ತಕ್ಕೆ ಸೀಮಿತವಾಗಿರಲಿಲ್ಲ. ಬಿಲ್‌ನ ಟೆಂಪ್ಲೇಟು ಒಳಗಿನ ಅರೇಯಲ್ಲಿ ಏನೇನಿದೆಯೋ ಎಲ್ಲವನ್ನೂ ಸಾಲಾಗಿ ಮುದ್ರಿಸುತ್ತಿತ್ತು: ಮಾಲೀಕರ ಹೆಸರು, ಮೊಬೈಲ್ ಸಂಖ್ಯೆ, ಹಿಂದಿನ ಪಾವತಿಯ ಬ್ಯಾಂಕ್ ರೆಫರೆನ್ಸ್, ಬಾಕಿ. ತಮ್ಮ ವಿವರ ತಮಗೇ ಬರುತ್ತಿದ್ದಾಗ ಯಾರಿಗೂ ಅದು ಅನಗತ್ಯವೆನಿಸಿರಲಿಲ್ಲ. ಆರನೆಯ ಮಹಡಿಯ ಹಿರಿಯ ಮಹಿಳೆಯೊಬ್ಬರು ಜನರೇಟರ್ ಶುಲ್ಕದ ಬಗ್ಗೆ ಸಂಘಕ್ಕೆ ಆಕ್ಷೇಪಣೆ ಸಲ್ಲಿಸಿ, ಅದು ಇತ್ಯರ್ಥವಾಗುವವರೆಗೆ ಆ ಮೊತ್ತವನ್ನು ತಡೆಹಿಡಿದಿದ್ದರು. ಅವರ ಬಾಕಿಯ ವಿವರ ಪಕ್ಕದ ಮನೆಗೆ ಹೋಗಿ, ಅಲ್ಲಿಂದ ನಿವಾಸಿಗಳ ವಾಟ್ಸ್ಆ್ಯಪ್ ಗುಂಪಿಗೂ ಬಂತು. ಆಕೆ ಸಾಲಗಾರರಂತೆ ಎಲ್ಲರೆದುರು ನಿಲ್ಲಬೇಕಾಯಿತು. ಕೀಗಳ ಬಗ್ಗೆ ಬರೆಯುವಾಗ ಈ ಸಂಗತಿಯನ್ನು ಬಿಟ್ಟು ಬರೆಯಲು ನನಗೆ ಸಾಧ್ಯವಿಲ್ಲ.

ಪರಿಶೀಲನೆ

ಬಿಲ್ ಕಳುಹಿಸುವುದನ್ನು ಕೂಡಲೇ ನಿಲ್ಲಿಸಿ, ಖಜಾಂಚಿಗಳನ್ನೂ ಕೂರಿಸಿಕೊಂಡು ಇಡೀ ಹಾದಿಯನ್ನು ಮೊದಲಿನಿಂದ ನೋಡಲು ತಂಡದ ಮುಖ್ಯಸ್ಥೆ ನಿರ್ಧರಿಸಿದರು. ಉತ್ತರ ಕೋಡ್‌ಗಿಂತ ಮೊದಲು ಪರದೆಯ ಮೇಲೆ ಸಿಕ್ಕಿತು. ಖಜಾಂಚಿಗಳು ದಿನವೂ ತೆರೆಯುವ ಮನೆಗಳ ಪಟ್ಟಿಯಲ್ಲಿ 101 ಮೊದಲು ಬಂದು, 908 ಆದ ಮೇಲೆ ತೀರಾ ಕೆಳಗೆ 001ರಿಂದ 008 ಇದ್ದವು. "ಇದು ಮೊದಲಿಂದಲೂ ಹೀಗೇ ಇದೆ ಸರ್, ನೆಲಮಹಡಿ ಅಂತ ಕೆಳಗೆ ಹಾಕಿದ್ದಾರೆ ಅಂದುಕೊಂಡಿದ್ದೆ" ಎಂದರು. ಆ ಪಟ್ಟಿ ಜೇಸನ್ ಎಂಬ ದತ್ತಾಂಶ ರೂಪದಲ್ಲಿ ಬ್ರೌಸರ್‌ಗೆ ಬರುತ್ತಿತ್ತು. ಬ್ರೌಸರ್‌ನ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಆಬ್ಜೆಕ್ಟ್‌ನಲ್ಲಿ (ಕೀ-ವ್ಯಾಲ್ಯೂಗಳ ಪಟ್ಟಿಯಲ್ಲಿ) ಪೂರ್ಣಾಂಕದಂತಿರುವ ಕೀಗಳು ಯಾವಾಗಲೂ ಏರಿಕೆಯ ಕ್ರಮದಲ್ಲಿ ಮೊದಲು ಬರುತ್ತವೆ, ಉಳಿದ ಸ್ಟ್ರಿಂಗ್ ಕೀಗಳು ಸೇರಿಸಿದ ಕ್ರಮದಲ್ಲಿ ಅವುಗಳ ನಂತರ. ಅಲ್ಲಿಯೂ "001" ಪೂರ್ಣಾಂಕವೆಂದು ಎಣಿಕೆಯಾಗುವುದಿಲ್ಲ. ಎರಡು ಬೇರೆ ಭಾಷೆಗಳು ತಮ್ಮ ತಮ್ಮ ನಿಯಮದಂತೆ ಒಂದೇ ಗೆರೆಯಲ್ಲಿ ಮನೆಗಳನ್ನು ಇಬ್ಭಾಗಿಸಿದ್ದವು, ಮತ್ತು ಆ ಗೆರೆ ಆರಂಭದಿಂದಲೂ ಎಲ್ಲರ ಕಣ್ಣೆದುರಿಗೇ ಇತ್ತು.

ಅಲ್ಲಿಂದ ಅರೇ_ಸ್ಲೈಸ್‌ಗೆ ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ಪರಿಹಾರ ಯಾವುದಿರಬೇಕೆಂಬ ಬಗ್ಗೆ ತಂಡದಲ್ಲಿ ಭಿನ್ನಾಭಿಪ್ರಾಯವಿತ್ತು. ನಾಲ್ಕನೆಯ ಆರ್ಗ್ಯುಮೆಂಟ್ 'ಟ್ರೂ' ಕೊಟ್ಟರೆ ಸಾಕು ಎಂದು ಒಬ್ಬರ ವಾದ. ಅದು ಸರಿಯಾದ ವಾದವೇ. ಕಂತುಗಳಿಗೆ, ಅರೇಯನ್ನು ಒಮ್ಮೆಗೇ ಸಮ ಗಾತ್ರದ ತುಂಡುಗಳಾಗಿಸುವ ಅರೇ_ಚಂಕ್ ಹೆಚ್ಚು ಸೂಕ್ತ ಎಂದು ಇನ್ನೊಬ್ಬರು. ಅರೇ_ಚಂಕ್ ಅನ್ನು ಹಾಗೆಯೇ ಬಳಸಿದರೆ ಸ್ಟ್ರಿಂಗ್ ಕೀಗಳನ್ನೂ ಸೇರಿಸಿ ಎಲ್ಲವನ್ನೂ ಹೊಸದಾಗಿ ಎಣಿಸುತ್ತದೆ, ಕೀ ಉಳಿಸಿಕೊಳ್ಳುವಂತೆ ಅಲ್ಲಿಯೂ ಪ್ರತ್ಯೇಕವಾಗಿ ಹೇಳಬೇಕು. ಆದರೂ ಮೊದಲಿಗೆ ಅದನ್ನೇ ಬಳಸಿದ್ದರೆ ಒಳ್ಳೆಯದಾಗುತ್ತಿತ್ತು: ನೆಲಮಹಡಿಯ ಬಿಲ್‌ಗಳೂ ಹೋಗದೆ, ಐದು ಸಾಲುಗಳ ಪರೀಕ್ಷೆಯಲ್ಲೇ ದೋಷ ಸಿಕ್ಕಿಬೀಳುತ್ತಿತ್ತು.

ಮುಖ್ಯಸ್ಥೆಯವರು ಒಪ್ಪಿದ್ದು ಮೂರನೆಯ ಸಲಹೆಗೆ. ಅರೇ ಕಟ್ಟುವ ಒಂದೇ ಒಂದು ಜಾಗದಲ್ಲಿ ಪ್ರತಿ ಮನೆ ಸಂಖ್ಯೆಯ ಮುಂದೆ 'ಮನೆ-' ಎಂಬ ಪೂರ್ವಪದ ಸೇರಿಸಿ, ಎಲ್ಲ ಕೀಗಳನ್ನೂ ಸ್ಟ್ರಿಂಗ್ ಮಾಡುವುದು. ಅದರೊಂದಿಗೆ ನಾಲ್ಕನೆಯ ಆರ್ಗ್ಯುಮೆಂಟನ್ನೂ ಕೊಡುವುದು. ಎರಡೂ ಏಕೆ ಎಂದು ಕೇಳಿದವರಿಗೆ ಉತ್ತರ ಅದೇ ವಾರ ಸಿಕ್ಕಿತು. ತಡಪಾವತಿ ದಂಡದ ಪಟ್ಟಿಯನ್ನು ಬಿಲ್‌ಗಳಿಗೆ ಸೇರಿಸಲು ಬರೆದು, ಇನ್ನೂ ಬಳಕೆಗೆ ತಂದಿರದ ಕೋಡ್‌ನಲ್ಲಿ ಅರೇ_ಮರ್ಜ್ ಇತ್ತು. ಅದೂ ಪೂರ್ಣಾಂಕ ಕೀಗಳನ್ನು ಹೊಸದಾಗಿ ಎಣಿಸುವ ಫಂಕ್ಷನ್ನೇ, ಮತ್ತು ಅದನ್ನು ತಡೆಯುವ ಆರ್ಗ್ಯುಮೆಂಟ್ ಅದಕ್ಕಿಲ್ಲ. ಕೀ ಉಳಿಯಬೇಕಾದ ಕಡೆ ಕೂಡಿಸುವ ಚಿಹ್ನೆಯನ್ನೋ (+) ಅರೇ_ರಿಪ್ಲೇಸ್ ಅನ್ನೋ ಬಳಸಬೇಕು. ಮೊದಲನೆಯದರಲ್ಲಿ ಎಡಗಡೆಯ ವ್ಯಾಲ್ಯೂ ಗೆಲ್ಲುತ್ತದೆ, ಎರಡನೆಯದರಲ್ಲಿ ಬಲಗಡೆಯದು. ಪೂರ್ವಪದವಿದ್ದರೆ ಮುಂದೆ ಯಾರಾದರೂ ಮರೆತು ಅರೇ_ಮರ್ಜ್ ಬರೆದರೂ ಮನೆ ಸಂಖ್ಯೆ ಕಳೆದುಹೋಗುವುದಿಲ್ಲ.

ಬಿಲ್‌ನಲ್ಲಿ ಏನಿರಬೇಕು

ಎರಡನೆಯ ಪ್ರಶ್ನೆ ಒಳಗಿನ ಅರೇಯದು. ಬಿಲ್‌ಗೆ ಬೇಕಾದ ಕೆಲವೇ ಕೀಗಳನ್ನು ಆರಿಸಿಕೊಳ್ಳುವುದು ಹೇಗೆ? ಮೊದಲು ಬಂದ ಸಲಹೆ ಮೊಬೈಲ್ ಮತ್ತು ಬ್ಯಾಂಕ್ ರೆಫರೆನ್ಸ್ ಎರಡನ್ನೂ ಅನ್‌ಸೆಟ್ ಮಾಡುವುದು, ಅಂದರೆ ಅರೇಯಿಂದ ತೆಗೆದುಹಾಕುವುದು. ಇದನ್ನು ಮುಖ್ಯಸ್ಥೆಯವರು ಅಲ್ಲೇ ತಳ್ಳಿಹಾಕಿದರು, ಅದು ಸರಿಯಾಗಿತ್ತು. ನಾಳೆ ಡೇಟಾಬೇಸ್‌ಗೆ ವಾಹನ ಸಂಖ್ಯೆಯ ಕಾಲಂ ಸೇರಿದರೆ ಅದು ತಾನಾಗಿಯೇ ಬಿಲ್‌ಗೆ ಬಂದುಬಿಡುತ್ತದೆ. ಬೇಡದ್ದನ್ನು ತೆಗೆಯುವವರು ಮುಂದೆ ಬರಲಿರುವುದನ್ನೆಲ್ಲ ಊಹಿಸಿರಬೇಕಾಗುತ್ತದೆ. ಬೇಕಾದ್ದನ್ನು ಹೆಸರಿಸುವವರಿಗೆ ಆ ಹೊರೆ ಇಲ್ಲ.

ಹಾಗಾಗಿ ಅನುಮತಿಸಿದ ಕೀಗಳ ಪಟ್ಟಿ ಮಾಡಿ, ಲೂಪ್‌ನಲ್ಲಿ ಪ್ರತಿ ಕೀಯನ್ನೂ, ಪಟ್ಟಿಯಲ್ಲಿದೆಯೇ ಎಂದು ನೋಡುವ ಇನ್_ಅರೇಯಿಂದ ಪರೀಕ್ಷಿಸಿ ಉಳಿಸಿಕೊಳ್ಳುವ ಕೋಡ್ ಬರೆದರು. ಪರೀಕ್ಷೆಗೆಂದು ತೆಗೆದ ಬಿಲ್‌ನಲ್ಲಿ ಮೊಬೈಲ್ ಸಂಖ್ಯೆ ಮತ್ತೆ ಕಾಣಿಸಿಕೊಂಡಿತು! ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಕಾರಣ ಎರಡು ಸಂಗತಿಗಳ ಕೂಡಿಕೆ. ಡೇಟಾಬೇಸ್‌ನಿಂದ ಸಾಲು ಓದಲು ಬಳಸಿದ್ದ ಮೈಎಸ್‌ಕ್ಯೂಎಲ್‌ಐ_ಫೆಚ್_ಅರೇ ಪ್ರತಿ ಕಾಲಮನ್ನೂ ಹೆಸರಿನ ಕೀಯಲ್ಲೊಮ್ಮೆ, ಸ್ಥಾನದ ಸಂಖ್ಯೆಯಲ್ಲೊಮ್ಮೆ ಎರಡೆರಡು ಬಾರಿ ಕೊಡುತ್ತದೆ. ಕ್ವೆರಿಯಲ್ಲಿ ಮೊದಲು ಬರೆದಿದ್ದ ಕಾಲಂ ಮೊಬೈಲ್. ಅದು 0 ಎಂಬ ಕೀಯಲ್ಲೂ ಇತ್ತು. ಇನ್_ಅರೇ ಮೂರನೆಯ ಆರ್ಗ್ಯುಮೆಂಟ್ ಇಲ್ಲದಿದ್ದರೆ ಸಂಖ್ಯೆಯೋ ಸ್ಟ್ರಿಂಗೋ ಎಂದು ನೋಡದೆ ಸಡಿಲವಾಗಿ ಹೋಲಿಸುತ್ತದೆ, ಮತ್ತು ಪಿಎಚ್‌ಪಿ 8ಕ್ಕೆ ಮುಂಚೆ 0 ಮತ್ತು ಅಂಕಿಯಿಲ್ಲದ ಯಾವುದೇ ಪದ ಸಡಿಲ ಹೋಲಿಕೆಯಲ್ಲಿ ಸಮ. 0 ಎಂಬ ಕೀ 'ಹೆಸರು' ಎಂಬುದಕ್ಕೆ ಸಮವೆಂದು ಒಳಗೆ ಬಂದಿತ್ತು. ನವೆಂಬರ್ 2020ರಲ್ಲಿ ಬಂದ ಪಿಎಚ್‌ಪಿ 8.0 ಈ ಹೋಲಿಕೆಯನ್ನು ತಿದ್ದಿದೆ, ಆದರೆ ಈ ಸರ್ವರ್ 7.4ರಲ್ಲಿತ್ತು.

ಅಂತಿಮವಾಗಿ ನೆಲೆಗೊಂಡದ್ದು ಅರೇ_ಇಂಟರ್‌ಸೆಕ್ಟ್_ಕೀ. ಪಟ್ಟಿಯನ್ನು ಅರೇ_ಫ್ಲಿಪ್ ಮಾಡಿದರೆ ಹೆಸರುಗಳೇ ಕೀಗಳಾಗುತ್ತವೆ. ಬಿಲ್ ಅನ್ನು ಮೊದಲನೆಯದಾಗಿ, ತಿರುಗಿಸಿದ ಪಟ್ಟಿಯನ್ನು ಎರಡನೆಯದಾಗಿ ಕೊಟ್ಟರೆ ಎರಡರಲ್ಲೂ ಇರುವ ಕೀಗಳು ಮಾತ್ರ, ಬಿಲ್‌ನ ವ್ಯಾಲ್ಯೂಗಳೊಂದಿಗೆ ಉಳಿಯುತ್ತವೆ. ಕೀಗಳ ಹೋಲಿಕೆ ಇಲ್ಲಿ ಕಟ್ಟುನಿಟ್ಟಾಗಿ ನಡೆಯುತ್ತದೆ. ಪಿಎಚ್‌ಪಿಯಲ್ಲಿ ಬರೆದ ಸಿದ್ಧ ಚೌಕಟ್ಟಾದ ಲಾರಾವೆಲ್‌ನ 'ಓನ್ಲಿ' ಫಂಕ್ಷನ್ ಒಳಗೆ ಮಾಡುವುದೂ ಇದನ್ನೇ. ಪಿಎಚ್‌ಪಿ 5.6ರಿಂದ ಅರೇ_ಫಿಲ್ಟರ್‌ಗೂ ಕೀಯನ್ನೇ ನೋಡುವಂತೆ ಹೇಳಬಹುದು, ಕೀಯ ಮೇಲೆ ಯಾವುದಾದರೂ ನಿಯಮ ಹಾಕಬೇಕಾದಾಗ ಅದು ಅನುಕೂಲ. ಆದರೆ ಕಾಲ್‌ಬ್ಯಾಕ್ (ಯಾವುದನ್ನು ಉಳಿಸಬೇಕೆಂದು ಹೇಳುವ ಫಂಕ್ಷನ್) ಕೊಡದೆ ಅರೇ_ಫಿಲ್ಟರ್ ಕರೆದರೆ ಸೊನ್ನೆ ಬಾಕಿಯಿರುವ ಸಾಲೇ ಮಾಯವಾಗುತ್ತದೆ ಎಂಬುದನ್ನು ಬಿಲ್ ಬರೆಯುವವರು ನೆನಪಿಡಬೇಕು.

ಇದರಲ್ಲೂ ಎರಡು ಅಂಚುಗಳು ಉಳಿದವು. ಪಟ್ಟಿಯಲ್ಲಿ ಬರೆದ ಕೀ ಬಿಲ್‌ನಲ್ಲಿ ಇಲ್ಲದಿದ್ದರೆ ಫಂಕ್ಷನ್ ಏನನ್ನೂ ಹೇಳುವುದಿಲ್ಲ. ಮೊದಲ ತಿಂಗಳ ಮೌನವೇ ಮತ್ತೆ ಬಂದಂತೆ. ಆದ್ದರಿಂದ ಅರೇ_ಡಿಫ್_ಕೀಯಿಂದ ಕಾಣೆಯಾದ ಕೀಗಳನ್ನು ಕಂಡುಹಿಡಿದು, ಒಂದಾದರೂ ಇದ್ದರೆ ಬಿಲ್ ಕಳುಹಿಸದೆ ನಿಲ್ಲಿಸುವ ಏರ್ಪಾಡು ಮಾಡಿದರು. ಇಸ್‌ಸೆಟ್‌ನಿಂದ ಈ ಪರೀಕ್ಷೆ ಮಾಡಬಾರದು, ಏಕೆಂದರೆ ವ್ಯಾಲ್ಯೂ ನಲ್ (ಏನೂ ಇಲ್ಲ ಎಂಬ ಗುರುತು) ಆಗಿದ್ದರೆ ಕೀ ಇದ್ದರೂ ಅದು ಇಲ್ಲವೆನ್ನುತ್ತದೆ. ಒಂದೊಂದೇ ಕೀ ನೋಡುವ ಕಡೆ ಅರೇ_ಕೀ_ಎಕ್ಸಿಸ್ಟ್ಸ್ ಬೇಕು. ಎರಡನೆಯದು ಸಾಲುಗಳ ಕ್ರಮ. ಅರೇ_ಇಂಟರ್‌ಸೆಕ್ಟ್_ಕೀ ಮೊದಲ ಅರೇಯ ಕ್ರಮವನ್ನು ಉಳಿಸುತ್ತದೆ, ಪಟ್ಟಿಯದನ್ನಲ್ಲ. ಬಿಲ್‌ನ ಸಾಲುಗಳು ಪಟ್ಟಿಯ ಕ್ರಮದಲ್ಲಿ ಬರಬೇಕಾದ್ದರಿಂದ, ಪಟ್ಟಿಯ ಹೆಸರುಗಳಿಗೆ ಅರೇ_ಫಿಲ್_ಕೀಸ್‌ನಿಂದ ನಲ್ ತುಂಬಿ, ಅದರ ಮೇಲೆ ಆರಿಸಿದ ವ್ಯಾಲ್ಯೂಗಳನ್ನು ಅರೇ_ರಿಪ್ಲೇಸ್‌ನಿಂದ ಕೂರಿಸಿದರು. ಇದೇ ಕೆಲಸಕ್ಕೆ ತಿರುಗಿಸಿದ ಪಟ್ಟಿಯನ್ನೇ ತಳಹದಿಯಾಗಿ ಬಳಸುವುದುಂಟು. ಕಾಣೆಯಾದ ಕೀ ಇದ್ದರೆ ಅಲ್ಲಿ 3, 4 ಎಂಬ ಸ್ಥಾನಸಂಖ್ಯೆ ಉಳಿದು, ಅದೇ ರೂಪಾಯಿಯೆಂದು ಬಿಲ್‌ನಲ್ಲಿ ಮುದ್ರಣವಾಗುವ ಅಪಾಯವಿದೆ.

ಫಲಿತಾಂಶ

ಮುಂದಿನ ತಿಂಗಳ ಬಿಲ್‌ಗಳನ್ನು ಕಳುಹಿಸುವ ಮುನ್ನ ಪ್ರತಿ ಮೇಲ್‌ಗೂ ಒಂದು ತಡೆ ಹಾಕಿದರು: ಹೊರಗಿನ ಕೀಯಲ್ಲಿರುವ ಮನೆ ಸಂಖ್ಯೆಯೂ ಬಿಲ್‌ನೊಳಗಿನ ಮನೆ ಸಂಖ್ಯೆಯೂ ಒಂದೇ ಆಗಿರದಿದ್ದರೆ ಇಡೀ ಕಂತು ನಿಲ್ಲಬೇಕು. ಬಿಲ್‌ಗಳು ಅವರವರ ಮನೆಗೇ ತಲುಪಿದವು. ವಿಳಾಸವಿಲ್ಲದೆ ಬಿಟ್ಟುಹೋದ ಮನೆಗಳ ಪಟ್ಟಿ ಈಗ ಪ್ರತಿ ತಿಂಗಳು ಖಜಾಂಚಿಗಳಿಗೆ ಹೋಗುತ್ತದೆ, ಆ ಮನೆಗಳಿಗೆ ಕಾಗದದ ಬಿಲ್ ಕೊಡುತ್ತಾರೆ. ನೋಟಿಸ್‌ಗಳು ಲಾಗ್‌ಗೆ ಬರುತ್ತಿವೆ. ಪಿಎಚ್‌ಪಿ 7.4ಕ್ಕೆ ಭದ್ರತಾ ಬೆಂಬಲ 2022ರ ನವೆಂಬರ್‌ನಲ್ಲೇ ಮುಗಿದಿರುವುದರಿಂದ 8ರ ಸರಣಿಗೆ ಹೋಗುವ ಕೆಲಸವನ್ನೂ ಕೈಗೆತ್ತಿಕೊಂಡಿದ್ದಾರೆ. ಅಲ್ಲಿ ಇಲ್ಲದ ಕೀ ಕೇಳಿದರೆ ನೋಟಿಸ್ ಬದಲು ವಾರ್ನಿಂಗ್ ಬರುತ್ತದೆ.

ಸಂಘದ ಕಾರ್ಯಕಾರಿ ಸಮಿತಿಯು ಆ ಹಿರಿಯ ಮಹಿಳೆಗೆ ಲಿಖಿತವಾಗಿ ಕ್ಷಮೆ ಕೇಳಿತು. ತಂಡದ ಮುಖ್ಯಸ್ಥೆ ಅವರ ಮನೆಗೆ ಹೋಗಿ, ಏನಾಯಿತೆಂಬುದನ್ನು ಕಾಗದದ ಮೇಲೆ ಮನೆ ಸಂಖ್ಯೆಗಳನ್ನು ಬರೆದು ವಿವರಿಸಿದರು. ಇದನ್ನು ಒಪ್ಪಂದದ ಯಾವ ಷರತ್ತೂ ಕೇಳಿರಲಿಲ್ಲ.

ತಂಡದ ಪರೀಕ್ಷಾ ದತ್ತಾಂಶವೂ ಬದಲಾಗಿದೆ. ಈಗ ಅದರಲ್ಲಿ 001 ಮತ್ತು 101 ಎರಡೂ ಇವೆ, ಎಕ್ಸೆಲ್ ತೆರೆದು ಉಳಿಸಿದಾಗ ಸೊನ್ನೆಗಳು ಬಿದ್ದುಹೋಗಿ ಬರಿಯ 1 ಆದ ಸಾಲೊಂದಿದೆ, ಇ-ಮೇಲ್ ಇಲ್ಲದ ಮನೆಯಿದೆ, ಬಾಕಿ ಸೊನ್ನೆಯಿರುವ ಮತ್ತು ಬಾಕಿ ನಲ್ ಆಗಿರುವ ಮನೆಗಳಿವೆ. ಮತ್ತು ಎರಡೂ ಅರೇಗಳ ಕ್ರಮವನ್ನು ಪ್ರತಿ ಪರೀಕ್ಷೆಗೆ ಮುನ್ನ ಬೇಕೆಂದೇ ಕಲಸಿಡುತ್ತಾರೆ.